ಎಂಟು ಅಂದರೆ ಗೊತ್ತಿಲ್ಲ

ನಾಗರಬಾವಿಯ ಕೋಣೆ ಶುಕ್ರವಾರದೊಳಗೆ ಖಾಲಿಯಾಗಬೇಕು.
ಬೀರುವಿನ ಮೇಲೆ, ಕೆಳಗೆ, ಕಿಟಕಿಯ ಗೂಡಿನಲ್ಲಿ
ದಾರ ಕಟ್ಟಿದ ಪ್ರಶ್ನಾವಳಿಗಳು, ಮೂವತ್ತೊಂದು ವರ್ಷದವು,
ಗೆದ್ದಲಿಗೂ ಬೇಸರ ಬಂದು ಅರ್ಧಕ್ಕೆ ಬಿಟ್ಟವು.
ಅಟೆಂಡರ್ ಬೋರಲಿಂಗಯ್ಯ ಕೇಳುತ್ತಾನೆ:
'ಮೇಡಂ, ಇವನ್ನ ತೂಕಕ್ಕೆ ಹಾಕೋದಾ?'
ಹಾಕಬಹುದು.
ಲೇಖನಗಳು ಅಚ್ಚಾಗಿವೆ,
ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟದ್ದೂ ಆಗಿದೆ.

ಒಂದು ಅಂದರೆ ಪೂರ್ತಿ ಒಪ್ಪುತ್ತೇನೆ.
ಎರಡು, ಸ್ವಲ್ಪ.
ಮೂರು, ಅಷ್ಟಾಗಿ ಇಲ್ಲ. ನಾಲ್ಕು, ಸುತರಾಂ ಇಲ್ಲ.
ಎಂಟು ಅಂದರೆ ಗೊತ್ತಿಲ್ಲ.
ಐದು, ಆರು, ಏಳು ಎಲ್ಲಿ ಹೋದವು ಎಂದು
ಈವರೆಗೆ ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ.
ಗೊತ್ತು, ಗೊತ್ತಿಲ್ಲಗಳ ನಡುವೆ
ಒಂದು ಸಂದಿಯಾದರೂ ಇರಲಿ ಅಂತ, ಬಹುಶಃ.

ನನ್ನ ಮೊದಲ ಸಂದರ್ಶನ ಅಪ್ಪನದು.
ಜಾಲಹಳ್ಳಿ ಕ್ವಾರ್ಟರ್ಸು; ಗಡಿಯಾರದ ಕಾರ್ಖಾನೆಯಿಂದ ಬಂದು
ಕಾಲು ತೊಳೆದು ಜಗಲಿಯ ಮೇಲೆ ಕುಳಿತಿದ್ದರು,
ಜೇಬಿಗೆ ಸಿಕ್ಕಿಸಿದ ಯೂನಿಯನ್ನಿನ ಬಿಲ್ಲೆ ಇನ್ನೂ ತೆಗೆದಿರಲಿಲ್ಲ.
ಯಾರಿಗೆ ಹಾಕಿದಿರಿ?
'ಮಗಳು ಕೇಳ್ತಿದ್ದಾಳೋ, ಫಾರಂ ಕೇಳ್ತಿದೆಯೋ?'
ಫಾರಂ, ಅಂದೆ.
'ಹಾಗಾದ್ರೆ ಬರ್ಕೋ, ಗೊತ್ತಿಲ್ಲ.'
ಮಗಳು ಅಂದಿದ್ದರೆ?
ಆ ಪ್ರಶ್ನೆಯನ್ನು ಮುಂದಿನ ಯಾವ ಸುತ್ತಿಗೂ ಸೇರಿಸಲಿಲ್ಲ.

ಲಗ್ಗೆರೆಯ ಚೌಡಮ್ಮ ಸೊಂಟದ ಕೊಡ ಇಳಿಸದೆಯೇ ಉತ್ತರ ಕೊಟ್ಟಳು.
ಯಾರ ಮಾತು ಕೇಳಿ ಮತ ಹಾಕಿದಿರಿ:
ಗಂಡ, ಜಾತಿಯ ಹಿರಿಯರು, ಸ್ವಂತ ವಿಚಾರ?
'ನೀರು' ಅಂದಳು.
ನೀರಿಗೆ ಕೋಡ್ ಇರಲಿಲ್ಲ.
ದೆಹಲಿಯಿಂದ ಬಂದ ಕೈಪಿಡಿಯನ್ನು ಹಿಂದೆ ಮುಂದೆ ತಿರುವಿ
ಕಡೆಗೆ ಸ್ವಂತ ವಿಚಾರಕ್ಕೆ ಗುರುತು ಹಾಕಿದೆ.
ಸ್ವತಂತ್ರವಾಗಿ ಯೋಚಿಸುವ ನಗರದ ಹೆಂಗಸರು
ನನ್ನ ಮೂರನೇ ಕೋಷ್ಟಕದಲ್ಲಿ ಹೆಚ್ಚಾದದ್ದು
ಒಂದಿಷ್ಟು ಹೀಗೆ.
ತಪ್ಪು ಮಾಡಿದೆ ಅಂತ ಈಗಲೂ ಅನ್ನಿಸುವುದಿಲ್ಲ.
ಸರಿ ಅಂತಲೂ.

ಆಮೇಲೆ ಊರಿಗೆ ಗೇಟು ಬಂದವು.
ಬೆಳ್ಳಂದೂರಿನ ಹದಿನೆಂಟು ಅಂತಸ್ತಿನ ಬುಡದಲ್ಲಿ
ಬಿಸಿಲಿಗೆ ಕೊಡೆ ಹಿಡಿದು ನಾಲ್ಕು ಗಂಟೆ ನಿಂತೆ.
ಪಟ್ಟಿಯಲ್ಲಿದ್ದ ಹೆಸರುಗಳು ಇಂಟರ್‌ಕಾಮಿನಲ್ಲಿ ಕೆಮ್ಮಿದವು.
ಕಾವಲಿನ ಹುಡುಗನಿಗೆ ಪಾಪ ಅನ್ನಿಸಿರಬೇಕು:
'ನನ್ನನ್ನೇ ಕೇಳಿ ಮೇಡಂ, ನನಗೆಲ್ಲ ಗೊತ್ತು.'
ನಿಜ, ಗೊತ್ತಿತ್ತು. ಎಂಟು ಒಂದೂ ಇಲ್ಲದ ಫಾರಂ
ನನ್ನ ಬದುಕಿನಲ್ಲಿ ಅದೊಂದೇ.
ಅವನ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿರಲಿಲ್ಲ.
ಮಾದರಿಯಿಂದ ತೆಗೆದುಹಾಕಿದೆ.

ಬೀರುವಿನ ಮೂಲೆಯಲ್ಲಿ ಡಬ್ಬಿ ಸಿಕ್ಕಿತು.
ಬಿಸ್ಕತ್ತಿನ ತಗಡು ಡಬ್ಬಿ, ಮುಚ್ಚಳ ಸೀಳಿ,
ಬ್ರೌನ್ ಪೇಪರ್ ಅಂಟಿಸಿ ಮಾಡಿದ ಹುಸಿ ಮತಪೆಟ್ಟಿಗೆ.
ಹೆದರಬೇಡಿ, ನಾನು ಆಚೆ ತಿರುಗಿರ್ತೀನಿ,
ಚೀಟಿಗೆ ಗುರುತು ಹಾಕಿ, ಮಡಿಸಿ, ಒಳಗೆ ಬಿಡಿ.
ಕಾಮಾಕ್ಷಿಪಾಳ್ಯದ ವಠಾರ, ನಲವತ್ತೆರಡು ಚೀಟಿ.
ಒಂದರಲ್ಲಿ ಯಾವ ಚಿಹ್ನೆಗೂ ಗುರುತಿಲ್ಲ.
ಪೆನ್ಸಿಲ್ಲಿನಲ್ಲಿ, ಒಂದೊಂದೇ ಅಕ್ಷರ ಒತ್ತಿ:
'ನಮ್ಮ ಮನೆಯವರಿಗೆ ಹೇಳಬೇಡಿ.'

ಅಸಿಂಧು, ಒಂದು.
ವಹಿಯಲ್ಲಿ ಹಾಗೆಂದು ಬರೆದು
ಚೀಟಿಯನ್ನು ಮಾತ್ರ ಪರ್ಸಿನಲ್ಲಿ ಇಟ್ಟುಕೊಂಡೆ.
ಏನನ್ನು ಹೇಳಬಾರದು?
ಮತ ಹಾಕಿದ್ದನ್ನೋ, ಹಾಕದೆ ಬಿಟ್ಟದ್ದನ್ನೋ,
ಬರೆಯಲು ಬರುತ್ತದೆ ಎಂಬುದನ್ನೋ?
ಮೂರು ಪರ್ಸು ಬದಲಾದವು.
ಚೀಟಿ ಬಸ್ ಪಾಸಿನ ಹಿಂದೆ ಮೆತ್ತಗಾಗಿ, ಬಟ್ಟೆಯ ಹಾಗಾಗಿ,
ಮಡಿಕೆಯಲ್ಲಿ 'ಬೇಡಿ' ಹರಿದುಹೋಗಿ
ಈಗ 'ಮನೆಯವರಿಗೆ ಹೇಳ' ಅಂತಷ್ಟೇ ಉಳಿದಿದೆ.

ಹೇಳಿಲ್ಲ ತಾಯಿ.
ವಿಚಾರಗೋಷ್ಠಿಗಳಲ್ಲಿ ಎಷ್ಟೆಲ್ಲ ಹೇಳಿದೆ, ಇದನ್ನು ಹೇಳಿಲ್ಲ.
ಏನೆಂದು ಗೊತ್ತಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ,
ಅಡಿಟಿಪ್ಪಣಿಯಲ್ಲಾದರೂ.

ಕೆಳಗೆ ತಕ್ಕಡಿಯವನು ಬಂದ ಸದ್ದು.
'ಕೇಜಿಗೆ ಹನ್ನೆರಡು ಅಂತಾನೆ ಮೇಡಂ,
ಪಿನ್ನು ತೆಗೆದುಕೊಟ್ರೆ ಹದಿಮೂರು.'
ನೆಲಕ್ಕೆ ಕುಳಿತು
ಬೋರಲಿಂಗಯ್ಯನೂ ನಾನೂ ಪಿನ್ನು ತೆಗೆಯುತ್ತಿದ್ದೇವೆ.